ನಾಲ್ಕು ಸಾವಿರ ವರ್ಷ ಹಿಂದಿನ ಹಲ್ಲುನೋವು

ದನದ ಸಂತೆಯಲ್ಲಿ ಜಾತಕ ಕೇಳುವವರಿಲ್ಲ. ಭಾಲ್ಕಿ, ಔರಾದ್ ಕಡೆಯ ರೈತ ದೇವಣಿ ಹೋರಿಯ ಮುಂದೆ ನಿಂತರೆ ಮೊದಲು ಕೊಂಬು, ಗೊರಸು, ಸುಳಿ ನೋಡುತ್ತಾನೆ. ಆಮೇಲೆ ಎಡಗೈಯಿಂದ ಮೂಗು ಹಿಡಿದೆತ್ತಿ, ಬಲಗೈ ಹೆಬ್ಬೆರಳಿನಿಂದ ಕೆಳದುಟಿ ಜಗ್ಗುತ್ತಾನೆ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕೆಳಗೆ ಮಾತ್ರ ಎಂಟು. ಹಾಲುಹಲ್ಲು ಬಿದ್ದು ನಡುವಿನ ಜೋಡಿ ಅಗಲವಾಗಿ ಎದ್ದಿದ್ದರೆ ಅದು ಎರಡು ಹಲ್ಲಿನದು. ಪಕ್ಕದ ಜೋಡಿಯೂ ಬಂದಿದ್ದರೆ ನಾಲ್ಕು ಹಲ್ಲಿನದು, ಆಮೇಲೆ ಆರು, ಎಂಟೂ ಸೇರಿದರೆ ಬಾಯಿಗೂಡಿದ್ದು. ಮಾರುವವ ‘ಇನ್ನಾ ಸಣ್ಣದ್ ಅದ ಕಾಕಾ’ ಅಂದರೆ ಕೊಳ್ಳುವವ ‘ನೀ ಸುಮ್ಮ ಕೂಡಪಾ, ಹಲ್ಲ ಹೇಳ್ತದ’ ಅನ್ನುತ್ತಾನೆ. ವ್ಯಾಪಾರ ಅಲ್ಲಿಂದ ಶುರು.

ಮನುಷ್ಯರ ಬಾಯಿಯನ್ನೂ ಹೀಗೇ ಓದುವ ವಿದ್ಯೆಯೊಂದಿದೆ. ಮೊದಲ ದವಡೆಹಲ್ಲು ಆರನೇ ವರ್ಷಕ್ಕೆ, ಎರಡನೆಯದು ಹನ್ನೆರಡಕ್ಕೆ, ಬುದ್ಧಿಹಲ್ಲು ಹದಿನೆಂಟರ ಆಸುಪಾಸಿಗೆ. ಆಮೇಲೆ ಹೊಸ ಹಲ್ಲು ಬರುವುದಿಲ್ಲವಾದ್ದರಿಂದ ಸವೆತ ನೋಡಿ ವಯಸ್ಸು ಅಂದಾಜು ಮಾಡಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಸುಭಾಷ್ ವಾಳಿಂಬೆ ಮತ್ತು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾನ್ ಲುಕಾಕ್ಸ್ ದಖ್ಖನ್ನಿನ ಹಳೆಯ ಗೋರಿಗಳಲ್ಲಿ ಸಿಕ್ಕ ಹಲ್ಲುಗಳನ್ನು ಒಂದೊಂದಾಗಿ ಭೂತಗನ್ನಡಿಯ ಕೆಳಗಿಟ್ಟು ವರ್ಷಗಟ್ಟಲೆ ನೋಡಿದವರು. ಸತ್ತವರ ವಯಸ್ಸಷ್ಟೇ ಅಲ್ಲ, ಅವರು ಏನು ತಿಂದರು, ಮಗುವಾಗಿದ್ದಾಗ ಯಾವಾಗ ಕಾಯಿಲೆ ಬಿದ್ದರು, ಯಾವ ಹಲ್ಲು ನೋಯುತ್ತಿತ್ತು ಎಂಬುದನ್ನೂ ಆ ಹಲ್ಲುಗಳು ತಿಳಿಸುತ್ತವೆ.

ನಮ್ಮ ಬೀದರ್ ಸೀಮೆಯಲ್ಲಿ ಹಿರಿಯರ ಮಾತೊಂದು ಎಲ್ಲ ಮನೆಯಲ್ಲೂ ಕೇಳಸಿಗುತ್ತದೆ: ಹಿಂದಿನವರ ಹಲ್ಲು ಕಬ್ಬಿಣ, ಎಂಬತ್ತಾದರೂ ಕಬ್ಬು ಸಿಗಿದು ತಿನ್ನುತ್ತಿದ್ದರು, ಈಗಿನ ಮಕ್ಕಳಿಗೆ ಹತ್ತು ವರ್ಷಕ್ಕೇ ಹುಳುಕು. ಈ ಮಾತನ್ನು ಅಜ್ಜನ ಕಾಲಕ್ಕೆ ನಿಲ್ಲಿಸದೆ ಇನ್ನೂ ಹಿಂದಕ್ಕೆ, ಬರವಣಿಗೆ ಹುಟ್ಟುವ ಮೊದಲಿನ ಕಾಲಕ್ಕೆ ಒಯ್ದು ನೋಡಿದರೆ ಅರ್ಧ ನಿಜ, ಅರ್ಧ ಹುಸಿ. ಎರಡೂ ಅರ್ಧಗಳಿಗೆ ಸಾಕ್ಷಿ ಮಣ್ಣಿನಡಿಯಲ್ಲಿದೆ.

ಮೊದಲು ಮಣ್ಣಿನ ಮಾತು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಮೇಲೆ. ಕೋಟೆಯ ಕಂದಕ ಕಡಿದದ್ದು ಈ ಕೆಂಪು ಕಲ್ಲಿನಲ್ಲೇ, ನೌಬಾದಿನ ಬಹಮನಿ ಕಾಲದ ಸುರಂಗ ಬಾವಿ ಕೊರೆದದ್ದೂ ಇದರಲ್ಲೇ. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮಳೆನೀರು ಅದರೊಳಗೆ ಸರಾಗ ಇಳಿಯುತ್ತದೆ. ಸುರಂಗ ಬಾವಿಗೆ ನೀರು ಬರುವುದು ಈ ಗುಣದಿಂದ, ಹೂತ ಎಲುಬು ಉಳಿಯದೆ ಹೋಗುವುದೂ ಈ ಗುಣದಿಂದಲೇ. ಇಳಿಯುವ ನೀರು ಸುಣ್ಣದ ಅಂಶವನ್ನೆಲ್ಲ ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುತ್ತದೆ, ಹುಳಿ ಮಣ್ಣಿನಲ್ಲಿ ಎಲುಬು ಕರಗುತ್ತದೆ. ಬೆಟ್ಟದಿಂದ ಇಳಿದು ಭಾಲ್ಕಿ, ಔರಾದಿನ ಕಡೆ ಹೊರಟರೆ ಲೆಕ್ಕ ಬೇರೆ. ಅಲ್ಲಿ ಮಾಂಜ್ರಾ, ಕಾರಂಜಾ ನದಿಗಳ ಬದಿಯ ಎರೆಭೂಮಿ. ಎರೆಮಣ್ಣು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಗೆದರೆ ಸುಣ್ಣದ ಹರಳುಗಳೇ ಸಿಗುತ್ತವೆ. ಇಂಥ ಮಣ್ಣು ಎಲುಬು, ಹಲ್ಲಿನ ಬಗ್ಗೆ ಉದಾರಿ. ಇದೇ ಮಾಂಜ್ರಾ ಕಣಿವೆಯ ಮೇಲ್ಭಾಗದಲ್ಲಿ, ಲಾತೂರ್ ಜಿಲ್ಲೆಯ ಕಡೆ, ನದಿ ಕೊರೆದ ದಂಡೆಗಳಲ್ಲಿ ಹಿಮಯುಗದ ಕಾಲದ ಆನೆ, ಕಾಡುದನಗಳ ಪಳೆಯುಳಿಕೆಗಳು ಸಿಕ್ಕಿವೆ.

ಎಲುಬಿಗಿಂತ ಹಲ್ಲು ಹೆಚ್ಚು ಕಾಲ ಬಾಳುತ್ತದೆ. ಕಾರಣ ಸರಳ. ಹಲ್ಲಿನ ಹೊರ ಹೊದಿಕೆಯಾದ ಎನಾಮೆಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ, ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ತಲೆಬುರುಡೆ ಪುಡಿಯಾದರೂ ಹಲ್ಲಿನ ಸಾಲು ಮಣ್ಣಿನಲ್ಲಿ ಹಾಗೇ ಇರುತ್ತದೆ. ಕರ್ನಾಟಕದ ಮಾನವ ಚರಿತ್ರೆಯ ಅತಿ ಹಳೆಯ ಕಾಲಮಾನವನ್ನು ನಮಗೆ ಕೊಟ್ಟದ್ದೂ ಹಲ್ಲೇ. ಕಲಬುರಗಿ ದಾಟಿ ದಕ್ಷಿಣಕ್ಕೆ ಹೋದರೆ ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಇಸಾಂಪುರ ಎಂಬ ಊರಿದೆ. ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಅಗೆದು ತೆಗೆದರು. ಆ ಕಲ್ಲುಗಳ ವಯಸ್ಸು ಎಷ್ಟು? ಕಲ್ಲು ಬಾಯಿಬಿಡಲಿಲ್ಲ. ಜೊತೆಯಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳು ಬಾಯಿಬಿಟ್ಟವು. ಮಣ್ಣಿನಲ್ಲಿ ಹೂತ ಎನಾಮೆಲ್ ಸುತ್ತಲಿನ ಯುರೇನಿಯಂ, ಥೋರಿಯಂಗಳಿಂದ ಹೊರಡುವ ವಿಕಿರಣಕ್ಕೆ ಸದಾ ಒಡ್ಡಿಕೊಂಡಿರುತ್ತದೆ. ಅದರ ಹರಳುಗಳ ಸಂದಿಯಲ್ಲಿ ಎಲೆಕ್ಟ್ರಾನುಗಳು ವರ್ಷದಿಂದ ವರ್ಷಕ್ಕೆ ಸಿಕ್ಕಿಕೊಳ್ಳುತ್ತ ಹೋಗುತ್ತವೆ. ಎಷ್ಟು ಸಿಕ್ಕಿವೆ ಎಂದು ಅಳೆದು, ಆ ಮಣ್ಣಿನಲ್ಲಿ ವರ್ಷಕ್ಕೆಷ್ಟು ವಿಕಿರಣ ಎಂಬುದರಿಂದ ಭಾಗಿಸಿದರೆ ಕಾಲ ಸಿಗುತ್ತದೆ. ಇಸಾಂಪುರದ ಉತ್ತರ ಸುಮಾರು 12 ಲಕ್ಷ ವರ್ಷ.

ರೊಟ್ಟಿಯೊಳಗಿನ ಕಲ್ಲು

ಅಷ್ಟು ಹಿಂದಿನ ಮನುಷ್ಯರ ಬಾಯಿಯೊಳಗೆ ಇಣುಕಲು ಇಸಾಂಪುರದಲ್ಲಿ ದಾರಿಯಿಲ್ಲ. ನವಶಿಲಾಯುಗಕ್ಕೆ, ಅಂದರೆ ಇಂದಿಗೆ ನಾಲ್ಕೈದು ಸಾವಿರ ವರ್ಷ ಹಿಂದಕ್ಕೆ ಬಂದರೆ ಕಲ್ಯಾಣ ಕರ್ನಾಟಕ ಸಿರಿವಂತ. ಮಸ್ಕಿ, ಪಿಕ್ಲಿಹಾಳ, ತೆಕ್ಕಲಕೋಟೆ, ಸಂಗನಕಲ್ಲು, ಬೂದಿಹಾಳ, ಒಂದೊಂದೂ ವಿದ್ವಾಂಸರ ಲೋಕದಲ್ಲಿ ದೊಡ್ಡ ಹೆಸರು. ಸುರಪುರ ಸೀಮೆಯ ಬೂದಿಹಾಳದಲ್ಲಿ ದನಗಾಹಿಗಳು ಸಗಣಿ ಸುಟ್ಟು ಸುಟ್ಟು ಎದ್ದ ಬೂದಿದಿಬ್ಬವನ್ನು ಅಗೆದದ್ದೂ ಪದ್ದಯ್ಯನವರೇ. ಅಲ್ಲಿ ಮಡಕೆಗಳಲ್ಲಿಟ್ಟು ಹೂತ ಮಕ್ಕಳ ಅವಶೇಷಗಳು ಸಿಕ್ಕವು, ಅವನ್ನು ಪರಿಶೀಲಿಸಿದವರು ವಾಳಿಂಬೆ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಗುಡ್ಡವನ್ನು 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದಾಗ ಜೊತೆಗೆ ಕೆ.ಸಿ. ಮಲ್ಹೋತ್ರಾ ಎಂಬ ಮಾನವಶಾಸ್ತ್ರಜ್ಞರಿದ್ದರು. ಮಡಕೆ ಚೂರಿಗೆ ಕೊಡುವಷ್ಟೇ ಗಮನವನ್ನು ಎಲುಬಿಗೂ ಕೊಡುವ ರೂಢಿ ಆಗಿನ ಕಾಲಕ್ಕೆ ಅಪರೂಪ.

ಈ ಜನ ಏನು ತಿನ್ನುತ್ತಿದ್ದರು? ಲಂಡನ್ನಿನ ಡೋರಿಯನ್ ಫುಲ್ಲರ್ ಎಂಬ ಸಸ್ಯ ಪುರಾತತ್ವಜ್ಞರು ಇಲ್ಲಿನ ದಿಬ್ಬಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಗುರುತಿಸಿದರು. ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಒಂದು ಕಾಡು ಸಂಬಂಧಿ ಅವರ ದಿನನಿತ್ಯದ ಕಾಳುಗಳು. ನಾವು ನಮ್ಮದೇ ಎಂದುಕೊಳ್ಳುವ ಜೋಳ ಆಫ್ರಿಕದಿಂದ ಆಮೇಲೆ ಬಂದದ್ದು. ತೊಗರಿ ಪೂರ್ವ ಭಾರತದ ಕಡೆಯಿಂದ ಬಂತು. ಕಬ್ಬಂತೂ ಇನ್ನೂ ಎಷ್ಟೋ ದೂರವಿತ್ತು.

ಆ ಕಾಳನ್ನು ಹಿಟ್ಟು ಮಾಡಲು ನಮ್ಮ ಅಜ್ಜಿಯರ ಬೀಸುವ ಕಲ್ಲು ಕೂಡ ಅವರಿಗಿರಲಿಲ್ಲ. ನಡುವೆ ತಗ್ಗಾದ ಒಂದು ಚಪ್ಪಡಿ, ಮೇಲೆ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಉಜ್ಜುವ ಗುಂಡು. ಎರಡೂ ಕಣಶಿಲೆ. ಉಜ್ಜಿದಷ್ಟೂ ಕಾಳಿನ ಜೊತೆ ಕಲ್ಲೂ ಸವೆಯುತ್ತದೆ, ಸವೆದ ಕಲ್ಲು ಎಲ್ಲಿಗೆ ಹೋಗಬೇಕು? ಹಿಟ್ಟಿಗೆ, ಹಿಟ್ಟಿನಿಂದ ಬಾಯಿಗೆ. ಹೀಗೆ ಹೊಟ್ಟು, ಮರಳು, ಒಲೆಯ ಬೂದಿ ಎಲ್ಲ ಸೇರಿದ ಊಟವನ್ನು ಇಪ್ಪತ್ತು ವರ್ಷ ಅಗಿದರೆ ದವಡೆಹಲ್ಲಿನ ಮೇಲಿನ ಗುಬ್ಬಿಗಳು ಮಟ್ಟವಾಗುತ್ತವೆ. ಇನ್ನೂ ಹತ್ತು ವರ್ಷ ಅಗಿದರೆ ಎನಾಮೆಲ್ ಹೋಗಿ ಒಳಗಿನ ಹಳದಿ ಪದರ ಬಯಲಾಗುತ್ತದೆ. ಆಮೇಲೆ ನರವೇ ತೆರೆದುಕೊಳ್ಳುತ್ತದೆ. ಅಲ್ಲಿಂದ ಸೋಂಕು ಬೇರಿಗಿಳಿದು ಕೀವಾಗುತ್ತದೆ, ಕೀವಿಗೆ ಹೊರಬರಲು ದಾರಿ ಬೇಕು, ಅದು ದವಡೆಯ ಎಲುಬನ್ನೇ ಕೊರೆಯುತ್ತದೆ. ಹಳೆಯ ಗೋರಿಗಳ ದವಡೆಗಳಲ್ಲಿ ಹಲ್ಲಿನ ಬೇರಿನ ಪಕ್ಕ ದುಂಡಗೆ, ನಯವಾದ ಅಂಚಿನ ತೂತು ಕಂಡರೆ ಪರಿಣತರು ಮೊದಲು ನೆನೆಸುವುದು ಇದನ್ನೇ. ಗುಳಿಗೆಯಿಲ್ಲದ ಕಾಲದಲ್ಲಿ ಆ ಕೀವು ರಕ್ತಕ್ಕಿಳಿದರೆ ಮನುಷ್ಯ ಉಳಿಯುತ್ತಿದ್ದನೆ? ಹಿಂದಿನವರ ಹಲ್ಲು ಕಬ್ಬಿಣ ಎನ್ನುವ ಮಾತಿನ ಹುಸಿ ಅರ್ಧ ಇದು.

ಸವೆತದಿಂದ ಒಂದು ಲಾಭವೂ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ಗಟ್ಟಿ ಆಹಾರ ಅಗಿಯುತ್ತ ಬೆಳೆದ ಮಗುವಿನ ದವಡೆ ಅಗಲವಾಗಿ ಬೆಳೆಯುತ್ತದೆ. ಹಲ್ಲುಗಳು ಒಂದಕ್ಕೊಂದು ಉಜ್ಜಿ ಪಕ್ಕಗಳಲ್ಲೂ ತುಸು ಸವೆಯುವುದರಿಂದ ಬುದ್ಧಿಹಲ್ಲಿಗೆ ಜಾಗ ಸಿಗುತ್ತದೆ. ಒಂದರ ಮೇಲೊಂದು ಏರಿದ ಹಲ್ಲು, ಅಡ್ಡ ಮಲಗಿದ ಬುದ್ಧಿಹಲ್ಲು ಆ ಕಾಲದ ದವಡೆಗಳಲ್ಲಿ ಕಡಿಮೆ. ಮೆತ್ತನೆಯ ಬ್ರೆಡ್ಡು, ಚಹಾದಲ್ಲಿ ಅದ್ದಿದ ಬಿಸ್ಕೀಟು ತಿಂದು ಬೆಳೆದವರು ಇಂದು ಹಲ್ಲಿಗೆ ತಂತಿ ಹಾಕಿಸಲು ದುಡ್ಡು ಕೂಡಿಸಬೇಕಾಗಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಖಡಕ್ ರೊಟ್ಟಿಯ ಪರವಾಗಿ ಇಷ್ಟು ವಕಾಲತ್ತು ಸಾಕು.

ಇನಾಮಗಾಂವದ ಮಕ್ಕಳು

ಬೀದರಿನ ಎರೆಭೂಮಿಯಂಥದೇ ನೆಲದಲ್ಲಿ, ಇಂಥದೇ ಬಸಾಲ್ಟ್ ಕಲ್ಲಿನ ಸೀಮೆಯಲ್ಲಿ, ಹಲ್ಲಿನ ಕಥೆ ಅತ್ಯಂತ ವಿವರವಾಗಿ ಸಿಕ್ಕಿದ್ದು ಪುಣೆ ಜಿಲ್ಲೆಯ ಘೋಡ್ ನದಿ ದಂಡೆಯ ಇನಾಮಗಾಂವದಲ್ಲಿ. ಎಚ್.ಡಿ. ಸಂಕಾಲಿಯಾ, ಎಂ.ಕೆ. ಢವಳೀಕರ್, ಝಡ್.ಡಿ. ಅನ್ಸಾರಿ ಅವರ ತಂಡ 1968ರಿಂದ 1983ರವರೆಗೆ ಅಗೆದ ಊರು ಅದು. ಕ್ರಿ.ಪೂ. 1600ರಿಂದ 700ರವರೆಗೆ ಅಲ್ಲಿ ಬಾರ್ಲಿ ಬೆಳೆದು, ದನ ಸಾಕಿ, ತಾಮ್ರದ ಅಷ್ಟಿಷ್ಟು ಉಪಕರಣ ಬಳಸಿ ಜನ ಬಾಳಿದರು. ಸತ್ತವರನ್ನು ಊರಾಚೆ ಒಯ್ಯುತ್ತಿರಲಿಲ್ಲ. ದೊಡ್ಡವರನ್ನು ಪಾದ ಕತ್ತರಿಸಿ ಮನೆಯ ನೆಲದಡಿ ಹೂಳುತ್ತಿದ್ದರು. ಸತ್ತವರು ಎದ್ದು ಹೋಗಬಾರದೆಂಬ ಭಯವೋ ಮೋಹವೋ ಇದ್ದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಮಕ್ಕಳನ್ನು ಎರಡು ಮಡಕೆಗಳ ಬಾಯಿ ಜೋಡಿಸಿ ಅದರೊಳಗೆ ಮಲಗಿಸುತ್ತಿದ್ದರು. ಗೋರಿಗಳ ಸಂಖ್ಯೆ ಇನ್ನೂರು ದಾಟಿತು, ಅವುಗಳಲ್ಲಿ ಹೆಚ್ಚಿನವು ಮಕ್ಕಳವೇ.

ಈ ಮಕ್ಕಳ ಹಾಲುಹಲ್ಲುಗಳನ್ನೇ ಲುಕಾಕ್ಸ್ ಮತ್ತು ವಾಳಿಂಬೆ ಕೈಗೆತ್ತಿಕೊಂಡರು. ಎನಾಮೆಲ್ ಪದರ ಪದರವಾಗಿ ಕಟ್ಟಿಕೊಳ್ಳುವ ವಸ್ತು. ಮಗು ಹೊಟ್ಟೆಯಲ್ಲಿರುವಾಗಲೇ ಹಾಲುಹಲ್ಲಿನ ಕೆಲಸ ಶುರುವಾಗಿರುತ್ತದೆ. ನಡುವೆ ಜ್ವರವೋ ಭೇದಿಯೋ ಹಸಿವೋ ಬಂದರೆ ಕೆಲಸ ನಿಂತು, ಮತ್ತೆ ಶುರುವಾದಾಗ ಅಲ್ಲೊಂದು ಗೀರು ಉಳಿಯುತ್ತದೆ, ಇಲ್ಲವೆ ಗುಳಿ ಬೀಳುತ್ತದೆ. ಎಲುಬು ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮೆಲ್‌ನಲ್ಲಿ ಜೀವಕೋಶವೇ ಇಲ್ಲ, ಹೀಗಾಗಿ ಅಲ್ಲಿ ಬಿದ್ದ ಗಾಯಕ್ಕೆ ವಾಸಿಯೆಂಬುದಿಲ್ಲ. ಕೋರೆಹಲ್ಲಿನ ಮುಂಭಾಗದಲ್ಲಿ ಬೀಳುವ ಒಂದು ಬಗೆಯ ಗುಳಿಯನ್ನು ಇವರಿಬ್ಬರೂ ಎಣಿಸಿದರು. ತಾಯಿಗೂ ಶಿಶುವಿಗೂ ಪೋಷಣೆ ಸಾಲದಾದಾಗ ಕೋರೆಹಲ್ಲಿನ ಮೊಳಕೆಯನ್ನು ಮುಚ್ಚಿದ ಎಲುಬು ತೆಳುವಾಗಿ, ಸಣ್ಣ ತಾಕು ಪೆಟ್ಟಿಗೂ ಒಳಗಿನ ಹಲ್ಲಿಗೆ ಏಟಾಗುತ್ತದೆ. 1998ರಲ್ಲಿ ಪ್ರಕಟವಾದ ಅವರ ಅಧ್ಯಯನ ಈ ಗುಳಿಗಳನ್ನು ಆ ಸೀಮೆಯ ಹವಾಮಾನ, ಆಹಾರದ ಬದಲಾವಣೆಗೆ ತಳಕು ಹಾಕಿತು. ಇನಾಮಗಾಂವದ ಕೊನೆಯ ಶತಮಾನಗಳಲ್ಲಿ ಮಳೆ ಕೈಕೊಟ್ಟು ಬೇಸಾಯ ಕುಗ್ಗಿ ಜನ ಬೇಟೆ, ದನಗಾಹಿಯ ಕಡೆ ವಾಲಿದ್ದರೆಂಬುದಕ್ಕೆ ಬೇರೆ ಸಾಕ್ಷ್ಯಗಳೂ ಇವೆ. ಮೂರು ಸಾವಿರ ವರ್ಷ ಹಿಂದಿನ ಬರಗಾಲದ ಲೆಕ್ಕ ಒಂದು ಜೋಳದ ಕಾಳಿನಷ್ಟು ಸಣ್ಣ ಹಲ್ಲಿನ ಮೇಲೆ ಉಳಿದಿತ್ತು.

ಹುಳುಕು ಬಂದದ್ದು ಯಾವಾಗ

ಹಲ್ಲಿಗೆ ಹುಳ ಹತ್ತಿದೆ ಅನ್ನುತ್ತೇವೆ. ನೆಲಗುಳ್ಳದ ಬೀಜದ ಹೊಗೆ ಹಿಡಿದು ಹುಳ ಬೀಳಿಸುವವರು ಹಳ್ಳಿಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದರು. ಹಲ್ಲಿನ ಹುಳದ ನಂಬಿಕೆ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಇದೆ, ಯುರೋಪಿನಲ್ಲಿ ಅದು ಅಳಿಯಲು ಹದಿನೆಂಟನೆಯ ಶತಮಾನವೇ ಬರಬೇಕಾಯಿತು. ಕಣ್ಣಿಗೆ ಕಾಣುವ ಹುಳ ಅಲ್ಲಿಲ್ಲ, ಕಾಣದ ಬ್ಯಾಕ್ಟೀರಿಯಾ ಇವೆ. ಹಲ್ಲಿಗಂಟಿದ ಪಾಚಿಯಲ್ಲಿ ಕೂತು ಅವು ಸಕ್ಕರೆ, ಪಿಷ್ಟ ತಿಂದು ಆಮ್ಲ ಬಿಡುತ್ತವೆ. ಬಾಯಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಖನಿಜವನ್ನು ಮತ್ತೆ ತುಂಬುತ್ತದೆ, ಅದಕ್ಕೆ ಸಮಯ ಬೇಕು. ಅರ್ಧ ಗಂಟೆಗೊಮ್ಮೆ ಏನಾದರೂ ಸಿಹಿ ಬಾಯಿಗೆ ಬೀಳುತ್ತಿದ್ದರೆ ಜೊಲ್ಲಿಗೆ ಬಿಡುವೆಲ್ಲಿ?

ಹೀಗಾಗಿ ಬೇಟೆಯಾಡಿ, ಗೆಡ್ಡೆ ಹಣ್ಣು ಆಯ್ದು ತಿನ್ನುತ್ತಿದ್ದವರಲ್ಲಿ ಹುಳುಕು ಸಾಮಾನ್ಯವಾಗಿ ಕಡಿಮೆ. ಗಂಗಾ ಬಯಲಿನ ಮಹದಹಾ, ದಮದಮಾಗಳ ಮಧ್ಯಶಿಲಾಯುಗದ ಜನರ ಹಲ್ಲು ಸವೆದಿದ್ದವು, ಹುಳುಕು ವಿರಳ. ಹಿರಿಯರ ಮಾತಿನ ನಿಜ ಅರ್ಧ ಇದು. ಬೇಸಾಯ ಬಂತು, ಬೇಯಿಸಿದ ಅಂಟು ಪಿಷ್ಟ ಬಂತು, ಹುಳುಕು ಏರಿತು. ಹರಪ್ಪಾದ ಸ್ಮಶಾನದ ಹಲ್ಲುಗಳನ್ನು ಲುಕಾಕ್ಸ್ 1992ರಲ್ಲಿ ಎಣಿಸಿದಾಗ ನೂರಕ್ಕೆ 6.8 ಹಲ್ಲು ಹುಳುಕಾಗಿದ್ದವು. ಹುಳುಕಿನಿಂದಲೇ ಉದುರಿ ಹೋದವನ್ನೂ ಲೆಕ್ಕಕ್ಕೆ ಸೇರಿಸಿದರೆ 12.1. ಮನುಷ್ಯರ ಲೆಕ್ಕದಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಜನರ ಬಾಯಲ್ಲಿ ಒಂದಾದರೂ ಹುಳುಕು ಹಲ್ಲು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬೇಸಾಯ ಬಂದ ಮೇಲೆ ಹೆರಿಗೆಗಳು ಹೆಚ್ಚಿದವು, ಬಸುರಿಯಲ್ಲಿ ಜೊಲ್ಲಿನ ಗುಣ ಬದಲಾಗುತ್ತದೆ, ಬಾಯಿಚಪಲ ಏರುತ್ತದೆ ಎಂದು ಲುಕಾಕ್ಸ್ ಇದಕ್ಕೆ ಕಾರಣ ಕೊಡುತ್ತಾರೆ. ಅಡುಗೆ ಮಾಡುವವರು ದಿನವಿಡೀ ಚೂರು ಪಾರು ರುಚಿ ನೋಡುವುದನ್ನೂ ಇತರರು ಎತ್ತಿ ಹೇಳುತ್ತಾರೆ. ನನಗೆ ಮೊದಲನೆಯದು ಹೆಚ್ಚು ನಂಬುವಂತೆ ಕಾಣುತ್ತದೆ.

ಆದರೂ ಬೇಟೆಗಾರರ ಬಾಯಿ ಸದಾ ಶುಭ್ರ ಎಂದು ತೀರ್ಮಾನಿಸಿದರೆ ಎಡವುತ್ತೇವೆ. 1921ರಲ್ಲಿ ಇಂದಿನ ಜಾಂಬಿಯಾದ ಕಾಬ್ವೆಯ ಗಣಿಯಲ್ಲಿ ಸಿಕ್ಕ, ಸುಮಾರು ಮೂರು ಲಕ್ಷ ವರ್ಷ ಹಳೆಯ ತಲೆಬುರುಡೆಯ ಮೇಲ್ದವಡೆಯ ಹಲ್ಲುಗಳು ಹುಳುಕಿನಿಂದ ತಿಂದುಹೋಗಿವೆ. ಮೊರಾಕೊದ ತಾಫೊರಾಲ್ಟ್ ಗವಿಯಲ್ಲಿ 15,000ದಿಂದ 13,700 ವರ್ಷ ಹಿಂದೆ ಬಾಳಿದವರು ಬೇಸಾಯವನ್ನೇ ಅರಿಯರು. ಅವರ ಹಲ್ಲುಗಳಲ್ಲಿ ಅರ್ಧಕ್ಕರ್ಧ, ನೂರಕ್ಕೆ 51, ಹುಳುಕು. ಓಕ್ ಮರದ ಕಾಯಿಗಳನ್ನು ರಾಶಿ ರಾಶಿಯಾಗಿ ಕೂಡಿಟ್ಟು ತಿಂದದ್ದೇ ಕಾರಣವೆಂದು 2014ರಲ್ಲಿ ಸಂಶೋಧಕರು ತೋರಿಸಿದರು. ಬೇಟೆಯೋ ಬೇಸಾಯವೋ ಎಂಬುದಕ್ಕಿಂತ ಹಲ್ಲಿಗೆ ಏನು ಅಂಟಿಕೊಂಡು ಎಷ್ಟು ಹೊತ್ತು ಕೂತಿತ್ತು ಎಂಬುದೇ ಮುಖ್ಯವಾಯಿತು.

ನೋವು ಬಂದಾಗ ಅವರು ಕೈಕಟ್ಟಿ ಕೂರಲಿಲ್ಲ. ಹಲ್ಲುಕಡ್ಡಿ ಮನುಷ್ಯನ ಅತಿ ಹಳೆಯ ಉಪಕರಣಗಳಲ್ಲೊಂದು. ಕ್ರೊಯೇಷಿಯಾದ ಕ್ರಾಪಿನಾದಲ್ಲಿ 1,30,000 ವರ್ಷ ಹಿಂದಿನ ನಿಯಾಂಡರ್ತಲ್ ಮಾನವ ನೋಯುವ ಹಲ್ಲಿನ ಪಕ್ಕವನ್ನು ಮತ್ತೆ ಮತ್ತೆ ಕೆದಕಿದ ಗೀರುಗಳು ಹಲ್ಲಿನ ಮೇಲೇ ಇವೆ. ಇಟಲಿಯ ವಿಲ್ಲಾಬ್ರೂನಾದಲ್ಲಿ 14,000 ವರ್ಷ ಹಿಂದೆ ಯುವಕನೊಬ್ಬನ ಹುಳುಕು ದವಡೆಹಲ್ಲನ್ನು ಯಾರೋ ಚೂಪು ಕಲ್ಲಿನಿಂದ ಹೆರೆದು ಕೊಳೆತ ಭಾಗ ತೆಗೆದಿದ್ದರು. ಸ್ಲೊವೇನಿಯಾದ ಲೊಂಚೆಯಲ್ಲಿ 6,500 ವರ್ಷ ಹಿಂದಿನ ಬಿರುಕುಬಿಟ್ಟ ಕೋರೆಹಲ್ಲಿಗೆ ಜೇನುಮೇಣ ತುಂಬಿತ್ತು.

ಎಲ್ಲಕ್ಕಿಂತ ಬೆರಗಿನ ಸಂಗತಿ ನಮ್ಮ ಉಪಖಂಡದ್ದೇ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ 9,000ದಿಂದ 7,500 ವರ್ಷ ಹಿಂದಿನ ಗೋರಿಗಳಲ್ಲಿ ಒಂಬತ್ತು ಜನರ ಹನ್ನೊಂದು ದವಡೆಹಲ್ಲುಗಳಿಗೆ ಅಚ್ಚುಕಟ್ಟಾಗಿ ತೂತು ಕೊರೆಯಲಾಗಿತ್ತು. 2006ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಆ ವರದಿಯ ಪ್ರಕಾರ ತೂತಿನ ಅಗಲ 1.3ರಿಂದ 3.2 ಮಿಲಿಮೀಟರ್. ಅಂಚುಗಳು ಅಗಿತದಿಂದ ನಯವಾಗಿದ್ದವು, ಅಂದರೆ ಕೊರೆಸಿಕೊಂಡವರು ಆಮೇಲೂ ಬದುಕಿ ಉಂಡರು. ಕೊರೆದವರು ಯಾರಿರಬಹುದು? ಮೆಹರ್‌ಗಢದವರು ಮಣಿ ಮಾಡುವುದರಲ್ಲಿ ನಿಪುಣರು, ಕಲ್ಲಿನ ಮಣಿಗಳಿಗೆ ಚಕಮಕಿಯ ಮೊನೆಯ ಬೈರಿಗೆಯಿಂದ ತೂತು ಹಾಕುತ್ತಿದ್ದರು. ಸಂಶೋಧಕರು ಬಿಲ್ಲಿನ ಹೆದೆಯಿಂದ ತಿರುಗುವ ಅಂಥದೇ ಬೈರಿಗೆ ಕಟ್ಟಿ ಹಲ್ಲಿನ ಮೇಲೆ ಪ್ರಯೋಗಿಸಿದಾಗ ಒಂದು ನಿಮಿಷದೊಳಗೆ ತೂತು ಬಿತ್ತು. ಬೀದರಿನ ಸಿದ್ದೀಕ್ ತಾಲೀಮ್ ಗಲ್ಲಿಯಲ್ಲಿ ಬಿದರಿ ಕೆಲಸಗಾರರು ಕೂದಲೆಳೆಯಷ್ಟು ಗೀರನ್ನು ಉಳಿಯಿಂದ ಕಡಿಯುವುದನ್ನು ನೋಡಿದವರಿಗೆ ಇದು ಅಷ್ಟು ಅಸಾಧ್ಯವೆನಿಸದು. ಬೇನೆ ತಾಳಿಕೊಂಡ ರೋಗಿಯ ಬಗ್ಗೆ ಮಾತ್ರ ನನಗೆ ಹೆಚ್ಚು ಗೌರವ. ಈ ವಿದ್ಯೆ ಅಲ್ಲಿ ಸಾವಿರದೈನೂರು ವರ್ಷದಷ್ಟು ಕಾಲ ನಡೆದು ನಿಂತೇಹೋಯಿತು, ಅದೇ ಊರಿನ ಆಮೇಲಿನ ಗೋರಿಗಳಲ್ಲಿ ಕೊರೆದ ಹಲ್ಲುಗಳಿಲ್ಲ.

ಬೇವಿನ ಕಡ್ಡಿಯ ಪ್ರಾಚೀನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಆದರೆ ಕಡ್ಡಿ ಮಣ್ಣಿನಲ್ಲಿ ಕೊಳೆತುಹೋಗುವ ವಸ್ತು. ಉಳಿಯುವುದು ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕಿಟ್ಟ. ಸುಡಾನಿನ ಅಲ್ ಖಿದಾಯ್‌ನಲ್ಲಿ ಬಿಳಿ ನೈಲ್ ದಂಡೆಯ ಹಳೆಯ ಹಲ್ಲುಗಳ ಕಿಟ್ಟವನ್ನು 2014ರಲ್ಲಿ ಪರೀಕ್ಷಿಸಿದಾಗ ನಮ್ಮ ಹೊಲಗಳಲ್ಲಿ ರೈತರ ಪ್ರಾಣ ತಿನ್ನುವ ಜೇಕಿನ ಗಡ್ಡೆಯ ಗುರುತು ಸಿಕ್ಕಿತು. ಗಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ, ನಾಗರಮೋಥಾ ಎಂದು ಮಾರುವುದು ಇದನ್ನೇ. ಹುಳುಕು ತರುವ ಮುಖ್ಯ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಈ ಗಡ್ಡೆಗಿದೆ. ಬೇಸಾಯ ಮಾಡುತ್ತಿದ್ದರೂ ಅಲ್ಲಿನ ಒಂದು ಕಾಲದ ಜನರಲ್ಲಿ ಹುಳುಕು ಹಲ್ಲು ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದದ್ದಕ್ಕೆ ಇದೂ ಕಾರಣವಿರಬಹುದು ಎಂದು ಸಂಶೋಧಕರು ಹೇಳಿದರು. ಅವರು ಅದನ್ನು ಔಷಧಿಯೆಂದು ತಿಂದರೋ ಹೊಟ್ಟೆಗೆಂದು ತಿಂದರೋ, ಹಲ್ಲಿಗೆ ಎರಡೂ ಒಂದೇ.

ಇನ್ನು ಇಂದಿನ ಬೀದರ್. ಕಾರಂಜಾ, ಮಾಂಜ್ರಾ ನೀರಿನ ಬಲದಿಂದ ಭಾಲ್ಕಿ, ಹುಮನಾಬಾದ್ ಕಡೆ ಕಬ್ಬು ನಿಂತಿದೆ, ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ರೈತರ ಕೈಗೆ ನಾಲ್ಕು ಕಾಸು ಬರುವುದು ಅಲ್ಲಿಂದಲೇ. ಕಬ್ಬಿನ ಮೇಲೆ ಸಿಟ್ಟಾಗಿ ಫಲವಿಲ್ಲ. ಕಬ್ಬನ್ನು ಸಿಗಿದು ಅಗಿಯುವುದಕ್ಕೂ ಅದರಿಂದ ಬಂದ ಸಕ್ಕರೆಯನ್ನು ದಿನಕ್ಕೆ ಐದಾರು ಸಲ ಚಹಾದಲ್ಲಿ ಕುಡಿಯುವುದಕ್ಕೂ ಅಂತರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು. ಐದು ಎಂದರೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ, ಆರು ಚಮಚ. ಬೆಲ್ಲವೂ ಈ ಲೆಕ್ಕದಲ್ಲೇ ಬರುತ್ತದೆ. ಬೆಲ್ಲ ಹಲ್ಲಿಗೆ ಒಳ್ಳೆಯದೆಂದು ಹೇಳುವವರ ಮಾತು ನಂಬಬೇಡಿ.

ಶಿಲಾಯುಗದವರಿಗಿಲ್ಲದ ಇನ್ನೊಂದು ಶತ್ರು ತಂಬಾಕು. ಅದು ಪೋರ್ಚುಗೀಸರ ಜೊತೆ ಬಂದು ದಖ್ಖನ್ನಿನಲ್ಲಿ ನೆಲೆಯೂರಿತು. ಅಕ್ಬರನ ಆಸ್ಥಾನಕ್ಕೆ ಅಸದ್ ಬೇಗ್ ಮೊದಲು ತಂಬಾಕು ಒಯ್ದದ್ದು ನಮ್ಮ ವಿಜಯಪುರದಿಂದ. ಇವತ್ತು ಮಹಾರಾಷ್ಟ್ರದ ಗಡಿಗಂಟಿದ ಹಳ್ಳಿಗಳಲ್ಲಿ ಹಲ್ಲುಜ್ಜುವ ನೆಪದಲ್ಲಿ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕುವ ಹೆಂಗಸರಿದ್ದಾರೆ. ಹಲ್ಲು ಸ್ವಚ್ಛವಾಗುತ್ತದೆ, ನೋವು ಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ. ನೋವು ಮರೆಸುವುದು ನಿಕೋಟಿನ್. ಒಸಡು ಸವೆದು, ಬಾಯಿ ಕ್ಯಾನ್ಸರಿನ ದಾರಿ ತೆರೆಯುವುದೂ ಅದೇ ಪುಡಿ. ಇದ್ದಿಲು, ಇಟ್ಟಿಗೆ ಪುಡಿ ತಿಕ್ಕುವವರು ಕೂಡ ನವಶಿಲಾಯುಗದ ಹಿಟ್ಟಿನ ಕಲ್ಲು ಮಾಡಿದ ಕೆಲಸವನ್ನೇ ಬೆರಳಿನಿಂದ ಮಾಡುತ್ತಿದ್ದಾರೆ. ಬೇವಿನ ಕಡ್ಡಿ, ಜಾಲಿ ಕಡ್ಡಿ, ಮಿಸ್ವಾಕ್ ಬಳಸುವವರು ಬಳಸಲಿ, ತುದಿ ಚೆನ್ನಾಗಿ ಅಗಿದು ಮೆತ್ತಗಾದ ಮೇಲೆ ಬಳಸಲಿ. ಜೊತೆಗೆ ರಾತ್ರಿ ಮಲಗುವ ಮೊದಲು ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಒಮ್ಮೆ ಉಜ್ಜಿದರೆ ಮೆಹರ್‌ಗಢದವರಿಗೆ ಸಿಗದ ರಕ್ಷಣೆ ಸಿಗುತ್ತದೆ. ನಗರದಲ್ಲೇ ದಂತ ವೈದ್ಯಕೀಯ ಕಾಲೇಜಿದೆ, ಬ್ರಿಮ್ಸ್ ಆಸ್ಪತ್ರೆಯಿದೆ. ಬಾಯಿ ಊದುವ ತನಕ ಕಾಯುವ ಕಾರಣವಿಲ್ಲ.

ಎಳ್ಳಮಾವಾಸ್ಯೆಯ ದಿನ ಬೀದರ್ ಜಿಲ್ಲೆಯವರು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಹತ್ತೆಂಟು ಕಾಳು ತರಕಾರಿಯ ಭಜ್ಜಿ, ಅಂಬಲಿ ಉಣ್ಣುತ್ತಾರೆ. ದವಡೆಗೆ ಕೆಲಸ ಕೊಡುವ, ನಾರಿರುವ ಇಂಥ ಊಟ ವರ್ಷಕ್ಕೊಂದು ದಿನದ್ದಾಗಿ ಉಳಿದಿರುವುದೇ ನಮ್ಮ ಹಲ್ಲಿನ ತೊಂದರೆಯ ಅರ್ಧ ಭಾಗ.

ಔರಾದ್, ಭಾಲ್ಕಿ ಕಡೆಯ ರೈತರಲ್ಲಿ ಒಂದು ಕೋರಿಕೆ. ಬಾವಿ ತೋಡುವಾಗ, ಹೊಲ ಮಟ್ಟ ಮಾಡುವಾಗ, ಹಳೆಯ ಹಾಳೂರ ದಿಬ್ಬದ ಮಣ್ಣು ಹೊರುವಾಗ ಬಾಯಿಗೆ ಬಾಯಿ ಕೂಡಿಸಿದ ಮಡಕೆಯೋ, ಒಳಗೆ ಸಣ್ಣ ಎಲುಬುಗಳೋ ಕಂಡರೆ ನಿಧಿಯೆಂದು ಒಡೆಯಬೇಡಿ, ಅಪಶಕುನವೆಂದು ಹಳ್ಳಕ್ಕೆ ಎಸೆಯಲೂಬೇಡಿ. ಇನಾಮಗಾಂವದಲ್ಲಿ ವಿದ್ವಾಂಸರು ಹದಿನೈದು ವರ್ಷ ಹುಡುಕಿದ್ದು ಇಂಥವನ್ನೇ. ಮಡಕೆಯಿದ್ದ ಜಾಗದಲ್ಲೇ ಬಿಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಹಲ್ಲು ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ. ಆ ಊರಿನ ಮಂದಿ ಏನುಂಡರೆಂಬ ಸುದ್ದಿ ಅದಕ್ಕಂಟಿದ ಕಿಟ್ಟದಲ್ಲೇ ಇರುತ್ತದೆ.